ಪೆನ್ನಿನ ಮುಚ್ಚಳದ ಆಕಾಶನೌಕೆ

ಹೋದ ಬೇಸಿಗೆ ರಜೆಗೆ ಮೊಮ್ಮಗ ನಮ್ಮ ಮನೆಗೆ ಬಂದಾಗ ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡೇ ಬಂದ. ಜಪಾನಿನಲ್ಲಿ ಕೆಲಸದಲ್ಲಿರುವ ಅವನ ಸೋದರಮಾವ ಕೊಟ್ಟ ಆಕಾಶನೌಕೆಯ ಮಾದರಿ ಅದು. ಬಿಡಿಭಾಗಗಳನ್ನು ನಾವೇ ಜೋಡಿಸಿ ಬಣ್ಣ ಹಚ್ಚಬೇಕು. ಪೆಟ್ಟಿಗೆ ಬಿಚ್ಚಿ ನೋಡಿದರೆ ಒಂದು ರೆಕ್ಕೆ ಸೊಟ್ಟಗಾಗಿತ್ತು. ಎರಡು ಎಂಜಿನ್‌ಗಳಲ್ಲಿ ಒಂದು ಇರಲೇ ಇಲ್ಲ. ಹುಡುಗನ ಮುಖ ಬಾಡಿತು.

"ಬಿಸಾಕೋಣ ಬಿಡು ತಾತ" ಎಂದ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ತಾಳೆಯಾಗುವವರೆಗೆ ಮನೆಗೆ ಹೊರಡುತ್ತಿರಲಿಲ್ಲ. ಒಂದು ಎಂಜಿನ್ ಕಡಿಮೆ ಬಂತೆಂದು ಖಾತೆ ಮುಚ್ಚುವುದುಂಟೇ? "ತಡಿ ಪುಟ್ಟ, ನೋಡೋಣ" ಎಂದೆ.

ರೆಸಿನ್ ಎಂದರೇನು?

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪ್ಲಾಸ್ಟಿಕ್ ಮಾದರಿಗಳು ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚಿನಲ್ಲಿ ತಯಾರಾಗುತ್ತವೆ. ಅಂಥ ಅಚ್ಚು ಬಹಳ ದುಬಾರಿ. ಸಾವಿರಾರು ಪೆಟ್ಟಿಗೆ ಮಾರಾಟವಾದರೆ ಮಾತ್ರ ಹಾಕಿದ ಬಂಡವಾಳ ಹುಟ್ಟುತ್ತದೆ. ರೆಸಿನ್ ಮಾದರಿಯ ದಾರಿ ಬೇರೆ. ಒಬ್ಬರು ಮೊದಲು ಮೂಲ ಗೊಂಬೆಯನ್ನು ಕೈಯಾರೆ ಕೆತ್ತುತ್ತಾರೆ. ಅದರ ಸುತ್ತ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆಯುತ್ತಾರೆ. ಆಮೇಲೆ ಎರಡು ಬಗೆಯ ದ್ರವವನ್ನು ಬೆರೆಸಿ ಅಚ್ಚಿಗೆ ಹೊಯ್ಯುತ್ತಾರೆ. ಎರಡೂ ಸೇರಿದೊಡನೆ ರಾಸಾಯನಿಕ ಕ್ರಿಯೆ ನಡೆದು ಬಿಸಿಯೇಳುತ್ತದೆ, ಸ್ವಲ್ಪ ಹೊತ್ತಿನಲ್ಲೇ ಕಲ್ಲಿನಂತೆ ಗಟ್ಟಿಯಾಗುತ್ತದೆ. ಜಪಾನಿನಲ್ಲಿ 1980ರ ದಶಕದಲ್ಲಿ ಹವ್ಯಾಸಿಗಳು ಮನೆಯಲ್ಲೇ ಹೀಗೆ ಮಾಡತೊಡಗಿದರು. ಅದಕ್ಕೇ ಇವುಗಳಿಗೆ 'ಗ್ಯಾರೇಜ್ ಕಿಟ್' ಎಂಬ ಹೆಸರು. ಕೈಕೆಲಸವಾದ್ದರಿಂದ ಗಾಳಿಗುಳ್ಳೆ, ಸೊಟ್ಟ, ಕೊರತೆ ಎಲ್ಲ ಇದ್ದದ್ದೇ.

ಮೊದಲು ಎಲ್ಲ ಭಾಗಗಳನ್ನೂ ಸೋಪಿನ ನೀರಿನಲ್ಲಿ ತೊಳೆದೆವು. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಸವರಿರುವ ಜಿಡ್ಡು ಹೋಗದಿದ್ದರೆ ಬಣ್ಣ ಹಿಡಿಯುವುದಿಲ್ಲ. ಸೊಟ್ಟ ರೆಕ್ಕೆಯನ್ನು ಬಿಸಿನೀರಿನಲ್ಲಿ ಇಟ್ಟಾಗ ಅದು ಮೆತ್ತಗಾಯಿತು. ನೇರ ಮಾಡಿ ಹಿಡಿದು ತಣ್ಣೀರಿಗೆ ಅದ್ದಿದೊಡನೆ ಹಾಗೇ ನಿಂತಿತು. ಹುಡುಗನ ಮುಖವೂ ಸ್ವಲ್ಪ ನೇರವಾಯಿತು.

ಎಂಜಿನ್ ಎಲ್ಲಿಂದ ತರೋಣ?

ಇದ್ದ ಎಂಜಿನ್ನನ್ನು ಅಳೆದೆವು. ಉದ್ದ 58 ಮಿಲಿಮೀಟರ್, ದಪ್ಪ 13. ಮೇಜಿನ ಖಾನೆ ತಡಕಿದಾಗ ನನ್ನ ಹಳೆಯ ಇಂಕ್ ಪೆನ್ನು ಕೈಗೆ ಬಂತು. ನಿಬ್ಬು ಮುರಿದು ಎಷ್ಟೋ ವರ್ಷಗಳಾಗಿದ್ದರೂ ಎಸೆಯಲು ಮನಸ್ಸು ಬಂದಿರಲಿಲ್ಲ. ಲೆಡ್ಜರುಗಳ ಮೇಲೆ ವರ್ಷಗಟ್ಟಲೆ ಓಡಾಡಿದ ಪೆನ್ನು ಅದು. ಅದರ ಮುಚ್ಚಳ ಎಂಜಿನ್ನಿನಷ್ಟೇ ದಪ್ಪ, ಉದ್ದ ಮಾತ್ರ ಎರಡು ಮಿಲಿಮೀಟರ್ ಹೆಚ್ಚು.

"ಅದನ್ನೂ ಕತ್ತರಿಸ್ತೀರಾ?" ಎಂದಳು ನಮ್ಮ ಮನೆಯವಳು. ಒಂದು ಕ್ಷಣ ನಾನೂ ತಡೆದೆ. ಆಮೇಲೆ ಕತ್ತರಿಸಿದೆ.

"ಪೆನ್ನಿನ ಮುಚ್ಚಳ ಅಂತ ಎಲ್ಲರಿಗೂ ಗೊತ್ತಾಗುತ್ತೆ ತಾತ. ಇದು ಮೋಸ" ಎಂದ ಮೊಮ್ಮಗ.

ಆಗ ನಾನು ಅವನಿಗೆ ಸಿನಿಮಾದವರ ಕತೆ ಹೇಳಿದೆ. 1975ರಲ್ಲಿ 'ಸ್ಟಾರ್ ವಾರ್ಸ್' ಚಿತ್ರಕ್ಕಾಗಿ ಜಾರ್ಜ್ ಲೂಕಾಸ್ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಗೋದಾಮಿನಲ್ಲಿ ಮಾದರಿ ತಯಾರಕರ ತಂಡ ಕಟ್ಟಿದರು. ಅವರು ಯುದ್ಧ ಟ್ಯಾಂಕು, ಹಡಗು, ರೇಸ್ ಕಾರುಗಳ ಪ್ಲಾಸ್ಟಿಕ್ ಕಿಟ್‌ಗಳನ್ನು ರಾಶಿ ರಾಶಿ ಕೊಂಡು, ಬಿಡಿಭಾಗಗಳನ್ನು ತೆಗೆದು ಆಕಾಶನೌಕೆಗಳ ಮೈಮೇಲೆಲ್ಲ ಅಂಟಿಸಿದರು. ಈ ಕೆಲಸಕ್ಕೆ 'ಕಿಟ್‌ಬ್ಯಾಷಿಂಗ್' ಎನ್ನುತ್ತಾರೆ. ಅದೇ ಚಿತ್ರದಲ್ಲಿ ನಾಯಕ ಲ್ಯೂಕ್ ಹಿಡಿಯುವ ಬೆಳಕಿನ ಕತ್ತಿಯ ಹಿಡಿ, ಹಳೆಯ ಕ್ಯಾಮೆರಾ ಒಂದರ ಫ್ಲ್ಯಾಷ್ ಹಿಡಿ! ಅದಕ್ಕೂ ಮೊದಲು, 1965ರಲ್ಲಿ ಶುರುವಾದ ಬ್ರಿಟನ್ನಿನ 'ಥಂಡರ್‌ಬರ್ಡ್ಸ್' ಎಂಬ ಟಿವಿ ಸರಣಿಯಲ್ಲಿ ರಾಕೆಟ್ ಹಾರುವ ಜಾಗದ ಗೋಡೆಗೆ ನಿಂಬೆಹಣ್ಣು ಹಿಂಡುವ ಸಾಧನವನ್ನೇ ಸಿಕ್ಕಿಸಿದ್ದರು.

"ಯಾರಿಗೂ ಗೊತ್ತಾಗಲಿಲ್ವಾ?"

"ಬಣ್ಣ ಬಿದ್ದ ಮೇಲೆ ಯಾರು ಗುರುತು ಹಿಡೀತಾರೆ?"

ಅಲ್ಲಿಂದ ಮುಂದೆ ಹುಡುಗನ ಕಣ್ಣಿಗೆ ಮನೆಯೆಲ್ಲ ಆಕಾಶನೌಕೆಯೇ. ನನ್ನ ಬಿ.ಪಿ. ಮಾತ್ರೆಯ ಖಾಲಿ ಪಟ್ಟಿಯ ಗುಳ್ಳೆಗಳು ದೀಪದ ಗಾಜಾದವು. ಬಾಲ್‌ಪೆನ್ನಿನ ಸ್ಪ್ರಿಂಗು ಕೊಳವೆಯಾಯಿತು. ಅಜ್ಜಿಯ ಹೊಲಿಗೆ ಡಬ್ಬಿಯ ಪ್ರೆಸ್ ಬಟನ್ನುಗಳು ಎಂಜಿನ್ನಿನ ಮೂತಿ ಸೇರಿದವು.

ಆನೆ ಹೋಗುವ ಬಾಗಿಲು

ಇಲ್ಲಿ ಲೆಕ್ಕ ಬಹಳ ಮುಖ್ಯ. ಪೆಟ್ಟಿಗೆಯ ಮೇಲೆ 1:72 ಎಂದಿತ್ತು. ಅಂದರೆ ನಿಜವಾದ ನೌಕೆ ಇದರ 72 ಪಟ್ಟು ದೊಡ್ಡದು. ಹುಡುಗ ದಪ್ಪ ಕಾಗದದಲ್ಲಿ 5 ಸೆಂಟಿಮೀಟರ್ ಎತ್ತರದ ಬಾಗಿಲು ಕತ್ತರಿಸಿದ್ದ. "ಗುಣಿಸು" ಎಂದೆ. 360 ಸೆಂಟಿಮೀಟರ್ ಬಂತು. "ಅಯ್ಯೋ, ಆನೆ ಹೋಗಬಹುದು!" ಎಂದು ನಕ್ಕ. 2.8 ಸೆಂಟಿಮೀಟರಿಗೆ ಇಳಿಸಿದಾಗ ಎರಡು ಮೀಟರಿನ ಬಾಗಿಲಾಯಿತು. ಈ ಅಳತೆಯಲ್ಲಿ ಮನುಷ್ಯ ಬರೀ 24 ಮಿಲಿಮೀಟರ್. ಬಾಗಿಲು ಚಿಕ್ಕದಾದಷ್ಟೂ ನೌಕೆ ದೊಡ್ಡದಾಗಿ ಕಂಡಿತು.

ಮಕ್ಕಳೇ, ಮಾಡಹೊರಟರೆ ಎಚ್ಚರವಿರಲಿ. ರೆಸಿನ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮರಳು ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿ, ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ. ಬ್ಲೇಡಿನ ಕೆಲಸ ದೊಡ್ಡವರದ್ದು. ಸಾಮಾನ್ಯ ಪ್ಲಾಸ್ಟಿಕ್ ಮಾದರಿಯ ಅಂಟು ರೆಸಿನ್‌ಗೆ ಹಿಡಿಯುವುದಿಲ್ಲ. ಫೆವಿಕ್ವಿಕ್‌ನಂಥ ಅಂಟು ಬೇಕು, ಅದು ಬೆರಳನ್ನೂ ಬಿಡುವುದಿಲ್ಲ!

ಆ ಅಂಟೇ ನನಗೆ ಕೈಕೊಟ್ಟಿತು. ಎಪ್ಪತ್ತು ದಾಟಿದ ಮೇಲೆ ನನ್ನ ಬೆರಳು ಸ್ವಲ್ಪ ನಡುಗುತ್ತವೆ. ಕೊನೆಯ ದಿನ ಪೆನ್ನಿನ ಎಂಜಿನ್ನನ್ನು ಕೂರಿಸುವಾಗ ಕೈ ಅಲುಗಿತು. ಸರಿಪಡಿಸುವಷ್ಟರಲ್ಲಿ ಅಂಟು ಹಿಡಿದು ಎಂಜಿನ್ ವಾರೆಯಾಗಿಯೇ ನಿಂತಿತು. ಮೂರು ವಾರದ ಕೆಲಸ. ನನಗೆ ಮಾತೇ ಹೊರಡಲಿಲ್ಲ.

ಹುಡುಗ ತಲೆ ಓರೆ ಮಾಡಿ ನೋಡಿದ. "ಇರಲಿ ತಾತ. ಉಲ್ಕೆ ಬಡಿದಿದೆ ಅಂದ್ಕೊಳ್ಳೋಣ" ಎಂದ. ಬ್ರಷ್ಷಿನ ತುದಿಗೆ ಕಪ್ಪು ಬಣ್ಣ ತಾಗಿಸಿಕೊಂಡು ಎಂಜಿನ್ನಿನ ಬುಡದಲ್ಲಿ ಸುಟ್ಟ ಕಲೆ ಮಾಡಿದ. ಪಕ್ಕದಲ್ಲಿ ಬೂದು ಬಣ್ಣದ ಒಂದು ತೇಪೆ ಹಾಕಿದ. "ರಿಪೇರಿನೂ ಮಾಡಿದ್ದಾರೆ ನೋಡು."

ನೌಕೆ ಈಗ ನಮ್ಮ ಷೋಕೇಸಿನಲ್ಲಿದೆ. ಬಂದವರೆಲ್ಲ ಮೊದಲು ಬೆರಳು ತೋರಿಸುವುದು ಆ ವಾರೆ ಎಂಜಿನ್ನಿಗೇ. "ಇದಕ್ಕೇನಾಯಿತು?" ಎನ್ನುತ್ತಾರೆ. ಪೆನ್ನಿನ ಮುಚ್ಚಳವೆಂದು ಇದುವರೆಗೆ ಒಬ್ಬರೂ ಕಂಡುಹಿಡಿದಿಲ್ಲ.

ಮೊಮ್ಮಗ ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. ಮೊದಲು ನನ್ನ ಆರೋಗ್ಯ ವಿಚಾರಿಸುತ್ತಾನೆ, ಆಮೇಲೆ ಅವನದೊಂದೇ ಮಾತು: "ಮಾತ್ರೆ ಸರಿಯಾಗಿ ತಗೋ ತಾತ. ಪಟ್ಟಿ ಬಿಸಾಡಬೇಡ."