ಕಡ ತಂದ ಬಿಸಿಲು

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಪತ್ರ ಬರೆದಿದ್ದಾರೆ. ಅವರ ಮನೆಯ ಹಿಂದೆ ಗುಡ್ಡ, ಮುಂದೆಯೂ ಗುಡ್ಡ. ಡಿಸೆಂಬರ್ ಬಂತೆಂದರೆ ಅಂಗಳಕ್ಕೆ ಬಿಸಿಲು ಇಳಿಯುವಾಗ ಹತ್ತೂವರೆ, ಮೂರೂವರೆಗೆಲ್ಲ ಮತ್ತೆ ನೆರಳು. ಬೇಯಿಸಿದ ಅಡಿಕೆ ಒಣಗುವ ಬದಲು ಬೂಸ್ಟು ಹಿಡಿಯುತ್ತದಂತೆ. ‘ಗುಡ್ಡದ ಮೇಲೊಂದು ದೊಡ್ಡ ಕನ್ನಡಿ ನಿಲ್ಲಿಸಿ ಬಿಸಿಲನ್ನು ಅಂಗಳಕ್ಕೆ ತಿರುಗಿಸಬಹುದೇ? ಕೇಳಿದರೆ ಮನೆಯವರೆಲ್ಲ ನಗುತ್ತಾರೆ’ ಎಂದು ಅವರ ಅಳಲು.

ನಗುವವರಿಗೆ ವಿಗಾನೆಲ್ಲಾ ಎಂಬ ಊರಿನ ಹೆಸರು ಹೇಳಿ ಸ್ವಾಮಿ.

ಅದು ಇಟಲಿಯ ಉತ್ತರ ತುದಿಯಲ್ಲಿ, ಸ್ವಿಟ್ಜರ್ಲೆಂಡ್ ಗಡಿಗೆ ಹತ್ತಿರ, ಅಂತ್ರೋನಾ ಎಂಬ ಕಣಿವೆಯೊಳಗಿನ ಪುಟ್ಟ ಹಳ್ಳಿ. ಆಲ್ಪ್ಸ್ ಎಂದ ಕೂಡಲೇ ನಮಗೆ ಸಿನಿಮಾ ಹಾಡಿನ ಹಿಮಶಿಖರ ನೆನಪಾಗುತ್ತದೆ. ಇದು ಹಾಗಲ್ಲ. ಊರು ಇರುವುದು ಸುಮಾರು 580 ಮೀಟರ್ ಎತ್ತರದಲ್ಲಿ, ಹೆಚ್ಚುಕಮ್ಮಿ ನಿಮ್ಮ ತೀರ್ಥಹಳ್ಳಿಯಷ್ಟೇ. ಕಲ್ಲಿನ ಮನೆಗಳು, ಒಂದು ಚರ್ಚು, ಚರ್ಚಿನ ಮುಂದೆ ಒಂದು ಚೌಕ, ಸುತ್ತ ಕಡಿದಾದ ಬೆಟ್ಟ. ನವೆಂಬರ್ 11ರಂದು ದಕ್ಷಿಣದ ಬೆಟ್ಟದ ಹಿಂದೆ ಸರಿದ ಸೂರ್ಯ ಮತ್ತೆ ಮುಖ ತೋರುವುದು ಫೆಬ್ರವರಿ 2ಕ್ಕೆ. ನಡುವೆ 83 ದಿನ ಮೇಲೆ ನೀಲಿ ಆಕಾಶ ಇರುತ್ತದೆ, ಹಗಲಿನ ಬೆಳಕೂ ಇರುತ್ತದೆ, ಬಿಸಿಲು ಮಾತ್ರ ಇಲ್ಲ. ಎದುರಿನ ಇಳಿಜಾರಿನ ಮೇಲೆ ಬಿಸಿಲು ಬಿದ್ದಿರುವುದನ್ನು ಊರಿನವರು ನೆರಳಿನಲ್ಲಿ ನಿಂತು ನೋಡಬೇಕು.

ಆ ಎರಡು ತಾರೀಕುಗಳನ್ನು ಇನ್ನೊಮ್ಮೆ ನೋಡಿ. ತಾನು ದಕ್ಷಿಣದ ತುದಿ ಮುಟ್ಟುವ ಡಿಸೆಂಬರ್ 21ಕ್ಕೆ 40 ದಿನ ಮೊದಲು ಹೋದ ಸೂರ್ಯ ಅದಾದ 43 ದಿನಕ್ಕೆ ಬರುತ್ತಾನೆ. ವರ್ಷದಲ್ಲಿ ಸೂರ್ಯ ದಕ್ಷಿಣಕ್ಕೆ ಇಳಿದು ಬಂದ ದಾರಿಯಲ್ಲೇ ವಾಪಸಾಗುವುದರಿಂದ ಒಂದೇ ಎತ್ತರವನ್ನು ಎರಡು ಸಲ ಹಾಯುತ್ತಾನೆ. ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿಯಲ್ಲೂ ಇದೇ ಲೆಕ್ಕ. ಸಂಕ್ರಾಂತಿಯ ಸಂಜೆ ನಂದಿಯ ಕೊಂಬಿನ ನಡುವಿನಿಂದ ಒಳಬರುವ ಕಿರಣ ನವೆಂಬರ್ ಕೊನೆಯ ಹೊತ್ತಿಗೂ ಬರುತ್ತದೆ, ಆಗ ಮಾತ್ರ ಕ್ಯಾಮೆರಾಗಳು ಇರುವುದಿಲ್ಲ. ಸಂಕ್ರಾಂತಿಯಂದು ಮೋಡ ಅಡ್ಡ ಬಂದರೆ ನಾಡಿಗೇ ಕಂಟಕ ಎಂದು ಟೀವಿಯಲ್ಲಿ ಕೂಗುವವರು ಆ ಇನ್ನೊಂದು ಸಂಜೆಯೂ ಹೋಗಿ ನೋಡಿ ಬರಬೇಕು. ಗುಡಿ ಕಟ್ಟಿದವರ ಜಾಣ್ಮೆಗೆ ಕೈಮುಗಿಯಲು ಅದೇ ಸಾಕಷ್ಟು ಕಾರಣ.

ವಿಗಾನೆಲ್ಲಾ ಇರುವುದು 46 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಮಧ್ಯಾಹ್ನ ಅಲ್ಲಿ ಸೂರ್ಯ ಏರುವುದು ಬರೀ 20 ಡಿಗ್ರಿ ಎತ್ತರಕ್ಕೆ. ತೋಳು ಚಾಚಿ ಮುಷ್ಟಿ ಹಿಡಿದರೆ ಅದು ಸುಮಾರು 10 ಡಿಗ್ರಿ, ಅಂದರೆ ದಿಗಂತದಿಂದ ಎರಡೇ ಮುಷ್ಟಿ ಮೇಲೆ. ಬೆಟ್ಟ ಅದಕ್ಕಿಂತ ಎತ್ತರ ನಿಂತಿದೆ. ನಮ್ಮ ಮಲೆನಾಡಿನಲ್ಲಿ ಅದೇ ದಿನ ಸೂರ್ಯ ಐದು ಮುಷ್ಟಿ ದಾಟುತ್ತಾನೆ, ಹಾಗಾಗಿ ಎಂಥ ಗುಡ್ಡದ ಬುಡದಲ್ಲೂ ಮಧ್ಯಾಹ್ನದ ಬಿಸಿಲಿಗೆ ಮೋಸವಿಲ್ಲ. (ಚಳಿಗಾಲದಲ್ಲಿ ಸೂರ್ಯ ದೂರ ಹೋಗುತ್ತಾನೆ ಎಂದು ಈಗಲೂ ನಂಬಿರುವವರಿಗೆ: ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದೇ ಜನವರಿ ಮೊದಲ ವಾರದಲ್ಲಿ.) ಆಲ್ಪ್ಸ್ ಕಣಿವೆಗಳ ಹವಾಮಾನವನ್ನು ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದೊಂದರಿಂದಲೇ ಅಳೆಯಲಾಗದು, ಯಾವ ಕಡೆಗೆ ಮುಖ ಎಂಬುದೂ ಅಷ್ಟೇ ಮುಖ್ಯ. ಬಿಸಿಲ ಮಗ್ಗುಲು, ನೆರಳ ಮಗ್ಗುಲು ಎಂದು ಅಲ್ಲಿನವರ ಮಾತಿನಲ್ಲಿ ಬೇರೆ ಬೇರೆ ಪದಗಳೇ ಇವೆ. ರಾತ್ರಿ ತಣಿದ ಗಾಳಿ ಭಾರವಾಗಿ ಇಳಿಜಾರಿನಿಂದ ಜಾರಿ, ನೀರಿನಂತೆ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಅದನ್ನು ಕಾಯಿಸಿ ಎಬ್ಬಿಸಲು ಬಿಸಿಲೇ ಇಲ್ಲದಿದ್ದರೆ ಮೇಲಿನ ಬೆಟ್ಟಕ್ಕಿಂತ ಕೆಳಗಿನ ಊರೇ ಹೆಚ್ಚು ನಡುಗುವುದುಂಟು.

1999ರಲ್ಲಿ ಜಾಕೊಮೊ ಬೊಂಜಾನಿ ಎಂಬ ವಾಸ್ತುಶಿಲ್ಪಿ, ಚರ್ಚಿನ ಗೋಡೆಗೆ ಒಂದು ನೆರಳು ಗಡಿಯಾರ ಮಾಡೋಣ ಎಂದರು. ಬಿಸಿಲೇ ಇಲ್ಲದ ಊರಿಗೆ ನೆರಳು ಗಡಿಯಾರ! ಮೇಯರ್ ಮಿದಾಲಿ ಅದನ್ನು ಬದಿಗಿಟ್ಟು, ವರ್ಷವಿಡೀ ಬಿಸಿಲು ಬೀಳುವ ಉಪಾಯ ಹುಡುಕಿ ಎಂದರಂತೆ. 2006ರ ಡಿಸೆಂಬರ್ 17ರಂದು, ಬಿಸಿಲು ಬೀಳುವ ಇಳಿಜಾರಿನಲ್ಲಿ ಸುಮಾರು 1,100 ಮೀಟರ್ ಎತ್ತರದಲ್ಲಿ, 8 ಮೀಟರ್ ಅಗಲ 5 ಮೀಟರ್ ಎತ್ತರದ ಉಕ್ಕಿನ ಕನ್ನಡಿ ಎದ್ದು ನಿಂತಿತು. ಎಂಜಿನಿಯರ್ ಎಮಿಲಿಯೊ ಬಾರ್ಲೊಕ್ಕೊ, ಖರ್ಚು ಸುಮಾರು ಒಂದು ಲಕ್ಷ ಯೂರೊ. ಚೌಕದ ಮೇಲೆ ದಿನಕ್ಕೆ ಆರು ಗಂಟೆ ಬಿಸಿಲು.

ಯಂತ್ರದ ಗೇರು, ಮೋಟರುಗಳ ವಿಚಾರ ಬಿಡೋಣ. ಒಂದು ಕಂಪ್ಯೂಟರ್ ಸೂರ್ಯನ ಜಾಗ ಲೆಕ್ಕ ಹಾಕಿ ಕನ್ನಡಿಯನ್ನು ತಿರುಗಿಸುತ್ತಿರುತ್ತದೆ ಎಂದರೆ ಸಾಕು. ನನಗೆ ನಿದ್ದೆ ಕೆಡಿಸಿದ್ದು ಬೇರೆ ಪ್ರಶ್ನೆ. ಕನ್ನಡಿ ಇರುವುದು 40 ಚದರ ಮೀಟರ್. ಚೌಕದಲ್ಲಿ ಬೀಳುವ ಬಿಸಿಲಿನ ತುಂಡು 250ರಿಂದ 300 ಚದರ ಮೀಟರ್. ಚಪ್ಪಟೆ ಕನ್ನಡಿ ಬಿಸಿಲನ್ನು ಹಿಗ್ಗಿಸುವುದು ಹೇಗೆ?

ಉತ್ತರ ನಮ್ಮ ಮನೆಯ ತಾರಸಿಯಲ್ಲೇ ಇತ್ತು. ಚಿಕ್ಕವನಿದ್ದಾಗ ಮೂರು ಮೂಲೆಯ ಕನ್ನಡಿ ಚೂರೊಂದನ್ನು ಹಿಡಿದು ಎದುರು ಮನೆಯ ಅಜ್ಜಿಯ ಕಣ್ಣಿಗೆ ಬಿಸಿಲು ಬಿಟ್ಟು ಬೈಸಿಕೊಳ್ಳುತ್ತಿದ್ದೆ. ಪಕ್ಕದ ಗೋಡೆಯ ಮೇಲೆ ಬಿಟ್ಟರೆ ಬೆಳಕಿಗೂ ಮೂರೇ ಮೂಲೆ. ಬೀದಿಯಾಚೆಯ ದೂರದ ಗೋಡೆಗೆ ಬಿಟ್ಟರೆ ಮೂಲೆಗಳೆಲ್ಲ ಮಾಯವಾಗಿ ದುಂಡನೆ ಬೆಳಕು! ಅದು ಕನ್ನಡಿಯ ಆಕಾರವೇ ಅಲ್ಲ, ಸೂರ್ಯನ ಚಿತ್ರ. ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಟ್ಟಲು. ಅದರ ಒಂದು ಅಂಚಿನಿಂದ ಬಂದ ಕಿರಣ ಒಂದು ದಿಕ್ಕಿಗೆ, ಇನ್ನೊಂದು ಅಂಚಿನದು ತುಸು ಓರೆಯಾಗಿ ಹೋಗುತ್ತದೆ. ಸುಮಾರು 107 ಮೀಟರ್ ದೂರಕ್ಕೆ ಒಂದು ಮೀಟರಿನಂತೆ ಬೆಳಕು ಅಗಲವಾಗುತ್ತದೆ. 2019ರ ಡಿಸೆಂಬರ್ 26ರ ಗ್ರಹಣದ ದಿನ ಕನ್ನಡಿಗೆ ಕಾಗದ ಅಂಟಿಸಿ ಕಾಸಿನಗಲ ತೂತು ಬಿಟ್ಟು ಅದನ್ನೇ ಮಾಡಿದೆ. ಹಜಾರದ ಕೊನೆಯ ಗೋಡೆಯ ಮೇಲೆ ಕುಡುಗೋಲಿನಂಥ ಸೂರ್ಯ ಕುಳಿತಿದ್ದ. ಬೀದಿಯವರೆಲ್ಲ ಬಾಗಿಲು ಜಡಿದು, ಅನ್ನಕ್ಕೆ ದರ್ಬೆ ಹಾಕಿ ಒಳಗಿದ್ದರು. ಪುಣ್ಯಕ್ಕೆ ಪಕ್ಕದ ಮನೆಯ ಇಬ್ಬರು ಮಕ್ಕಳು ಹಿತ್ತಿಲಿನಿಂದ ತಪ್ಪಿಸಿಕೊಂಡು ಬಂದು ನೋಡಿದರು.

ಈಗ ವಿಗಾನೆಲ್ಲಾಗೆ ಬನ್ನಿ. ಕನ್ನಡಿಯಿಂದ ಚೌಕಕ್ಕೆ 870 ಮೀಟರ್. 107ರಿಂದ ಭಾಗಿಸಿದರೆ ಎಂಟು. ಎಂಟು ಮೀಟರಿನ ಕನ್ನಡಿಯಿಂದ ಹದಿನಾರು ಮೀಟರಿನ ಬೆಳಕು, ಐದರಿಂದ ಹದಿಮೂರು. ಮೇಲಿನಿಂದ ಓರೆಯಾಗಿ ಬೀಳುವುದರಿಂದ ನೆಲದ ಮೇಲೆ ಇನ್ನಷ್ಟು ಉದ್ದ. ಲೆಕ್ಕ ಕೂಡಿತು! ಆದರೆ ಹಿಗ್ಗಿದ್ದಕ್ಕೆ ತೆಳುವಾಗಲೇಬೇಕಲ್ಲ, ಒಂದು ಲೋಟ ಹಾಲಿಗೆ ಆರು ಲೋಟ ನೀರು ಬೆರೆಸಿದಂತೆ. ಚೌಕಕ್ಕೆ ಸಿಗುವುದು ನೇರ ಬಿಸಿಲಿನ ಏಳನೇ ಒಂದು ಪಾಲು, ಅಷ್ಟೇ. ಕನ್ನಡಿ ಊರನ್ನೇ ಸುಟ್ಟೀತು ಎಂದು ಹೆದರುವವರು ಪೇಟೆಯ ಭೂತಗನ್ನಡಿಯನ್ನೂ ಇದನ್ನೂ ಒಂದೇ ಮಾಡಿಕೊಂಡಿದ್ದಾರೆ. ಇದರಿಂದ ಕಣಿವೆಯ ಚಳಿ ಹೋಗುವುದಿಲ್ಲ, ಹಿಮವೂ ಕರಗುವುದಿಲ್ಲ. ಆದರೂ ಮನೆಯ ಟ್ಯೂಬ್‌ಲೈಟಿನ ಹತ್ತಾರು ಪಟ್ಟು ಬೆಳಕು. ಮುಖಕ್ಕೆ ಬಿಸಿಲು ತಾಗಿಸಿಕೊಂಡು ನಿಂತು ಹರಟಲು ಅಷ್ಟು ಸಾಕು. ನಾರ್ವೆಯ ರ್‍ಯೂಕನ್ ಎಂಬ ಪಟ್ಟಣವೂ 2013ರಲ್ಲಿ ಮೂರು ಕನ್ನಡಿ ನಿಲ್ಲಿಸಿತು. ಅಲ್ಲಿ ಅದಕ್ಕೂ ಮೊದಲು, 1928ರಿಂದಲೇ, ಜನರನ್ನು ಬಿಸಿಲಿರುವ ಎತ್ತರಕ್ಕೆ ಒಯ್ಯಲು ರೋಪ್‌ವೇ ಇದೆ. ಬಿಸಿಲು ಕೆಳಗೆ ಬಾರದಿದ್ದರೆ ಜನರೇ ಮೇಲೆ.

ಇನ್ನು ತೀರ್ಥಹಳ್ಳಿಯ ಅಂಗಳ. ಗುಡ್ಡದ ನೆತ್ತಿ ಬೇಡ, ಅಲ್ಲಿಂದ ಬರುವುದು ನೀರು ಹಾಲು. ಅಂಗಳದಿಂದ ಹದಿನೈದು ಮೀಟರ್ ಆಚೆ ಬಿಸಿಲು ಬೀಳುವ ಜಾಗವಿದ್ದರೆ ಕನ್ನಡಿಯನ್ನು ಅಲ್ಲಿಡಿ. ಅಷ್ಟು ಹತ್ತಿರದಿಂದ ಬೆಳಕು ಒಂದು ಗೇಣೂ ಹಿಗ್ಗುವುದಿಲ್ಲ, ಬಿಸಿಲು ಹೆಚ್ಚುಕಮ್ಮಿ ಗಟ್ಟಿಯಾಗಿಯೇ ಬರುತ್ತದೆ. ಆದರೆ ಅಡಿಕೆ ಹರವಿದಷ್ಟೇ ಅಗಲದ ಕನ್ನಡಿ ಬೇಕು. ಸುಮ್ಮನೆ ನಿಲ್ಲಿಸಿದರೆ ಬೆಳಕು ಕಾಲು ಗಂಟೆಗೆ ಒಂದು ಮೀಟರಿನಷ್ಟು ಜರುಗಿ ಕೊಟ್ಟಿಗೆಯ ಕಡೆ ಹೊರಡುತ್ತದೆ. ಕಂಪ್ಯೂಟರ್ ಇಲ್ಲದ ಮೇಲೆ ಪ್ರತಿ ಕಾಲು ಗಂಟೆಗೆ ಎದ್ದು ಕನ್ನಡಿ ತಿರುಗಿಸಲು ಒಬ್ಬರು ಕಾದು ಕೂರಬೇಕು. ಅಂಥವರೊಬ್ಬರು ಮನೆಯಲ್ಲಿ ಇದ್ದರೆ, ಅಡಿಕೆಯನ್ನೇ ಬುಟ್ಟಿಯಲ್ಲಿ ಆ ಬಿಸಿಲಿನ ಜಾಗಕ್ಕೆ ಹೊತ್ತು ಹಾಕಲು ಹೇಳಿ.