ಮುಚ್ಚಿದ ಕಣ್ಣಿನೊಳಗಿನ ಮಿಂಚು

ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ಬಿಕರ್ನಕಟ್ಟೆ. ಅಲ್ಲಿಯ ಕಾರ್ಮೆಲ್ ಗುಡ್ಡದ ಮೇಲೆ, ಬಾಲಯೇಸುವಿನ ಮಂದಿರದ ಬಳಿ, ಇರುಳಿನಲ್ಲಿ ಒಬ್ಬಾತ ಕಣ್ಣು ಮುಚ್ಚಿ ನಿಂತನೆನ್ನಿ. ಅವನಿಗೆ ಕಾಣುವುದು ಬರಿಯ ಕತ್ತಲೆ. ಆದರೆ 1969ರಲ್ಲಿ ಚಂದ್ರನಲ್ಲಿಗೆ ಹೋಗಿ ಬಂದ ಬಜ್ ಆಲ್ಡ್ರಿನ್ ಹೇಳಿದ್ದೇ ಬೇರೆ. ನೌಕೆಯ ಕತ್ತಲೆಯಲ್ಲಿ ಆತನಿಗೆ ಬೆಳಕಿನ ಮಿಂಚುಗಳು ಕಂಡಿದ್ದವು. ಅನಂತರದ ಯಾತ್ರಿಗಳು ಕಣ್ಣು ಮುಚ್ಚಿಕೊಂಡಾಗಲೂ ಅವನ್ನು ಕಂಡರು. ಇದೇನು ಭ್ರಮೆಯೆ?

ಭ್ರಮೆಯಲ್ಲ. ಹೀಗಾಗಬಹುದೆಂದು ಅಮೆರಿಕದ ವಿಜ್ಞಾನಿ ಕಾರ್ನೀಲಿಯಸ್ ಟೋಬಿಯಾಸ್ 1952ರಲ್ಲಿಯೇ ಊಹಿಸಿದ್ದರು. ಆಕಾಶದ ಆಳದಿಂದ ಬರುವ ವಿಶ್ವಕಿರಣಗಳ ಕಣಗಳು ಅಕ್ಷಿಪಟವನ್ನು ತೂರಿಹೋಗುವಾಗ ಕಣ್ಣು ಆ ಪೆಟ್ಟನ್ನೇ ಬೆಳಕೆಂದು ಬಗೆಯುತ್ತದೆ.

ಈ ವಿಶ್ವಕಿರಣಗಳ ಅಧ್ಯಯನದಲ್ಲಿ ಕನ್ನಡ ಕರಾವಳಿಗೂ ಪಾಲುಂಟು. ಉಡುಪಿಯ ಸಮೀಪದ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಯು. ಆರ್. ರಾವ್ ಅವರು, 1975ರಲ್ಲಿ ‘ಆರ್ಯಭಟ’ ಉಪಗ್ರಹವನ್ನು ರೂಪಿಸಿದ ತಂಡದ ನಾಯಕರು; ವಿಕ್ರಂ ಸಾರಾಭಾಯಿಯವರ ಶಿಷ್ಯರಾಗಿ ಅವರು ಸಂಶೋಧನೆಗೆ ತೊಡಗಿದ್ದು ವಿಶ್ವಕಿರಣಗಳ ವಿಷಯದಲ್ಲಿಯೇ.

ವಿಶ್ವಕಿರಣಗಳಲ್ಲಿ ಹೆಚ್ಚಿನವು ಹಗುರವಾದ ಪ್ರೋಟಾನುಗಳು. ನಡುನಡುವೆ ಕಬ್ಬಿಣದಂಥ ಧಾತುಗಳ, ಎಲೆಕ್ಟ್ರಾನುಗಳನ್ನು ಕಳಚಿಕೊಂಡ ಪರಮಾಣುಗಳೂ ಬರುತ್ತವೆ. ಇವೇ ಭಾರ ಅಯಾನುಗಳು. ಸಂಖ್ಯೆಯಲ್ಲಿ ಸ್ವಲ್ಪ, ಪೆಟ್ಟಿನಲ್ಲಿ ಘನ. ಸಮಾನ ವೇಗದಲ್ಲಿ ಕಣವು ದಾರಿಯಲ್ಲಿ ಸುರಿಯುವ ಶಕ್ತಿ ಅದರ ವಿದ್ಯುದಂಶದ ವರ್ಗಕ್ಕೆ ಅನುಗುಣ. ಕಬ್ಬಿಣದ ಅಯಾನಿನ ವಿದ್ಯುದಂಶ 26. ಆದುದರಿಂದ ಅದರ ಪೆಟ್ಟು ಪ್ರೋಟಾನಿನ ಪೆಟ್ಟಿನ ಸುಮಾರು 676 ಪಾಲು!

ಬಿಕರ್ನಕಟ್ಟೆಯವನಿಗೆ ಇದರ ಭಯವಿಲ್ಲ. ಅವನ ತಲೆಯ ಮೇಲಿನ ಗಾಳಿಯ ತೂಕ ಹತ್ತು ಮೀಟರ್ ಆಳದ ನೀರಿನ ತೂಕಕ್ಕೆ ಸಮ. ಭಾರ ಅಯಾನುಗಳು ಆ ಗಾಳಿಯಲ್ಲಿ, ಬಹು ಎತ್ತರದಲ್ಲಿಯೇ ಒಡೆದುಹೋಗುತ್ತವೆ. ಭೂಮಿಯ ಅಯಸ್ಕಾಂತ ಕ್ಷೇತ್ರವೂ ಅನೇಕವನ್ನು ಹೊರದೂಡುತ್ತದೆ. ಚಂದ್ರಯಾತ್ರಿಗೆ ಈ ಎರಡು ರಕ್ಷೆಗಳೂ ಇಲ್ಲ.

ಮಸೂರದ ಸಂಕಟ

ಕಣ್ಣಿನ ಮಸೂರ ವಿಚಿತ್ರವಾದ ಅಂಗ. ಅದಕ್ಕೆ ರಕ್ತನಾಳಗಳಿಲ್ಲ; ಹಳೆಯ ಜೀವಕೋಶಗಳನ್ನು ಹೊರಹಾಕುವ ದಾರಿಯೂ ಇಲ್ಲ. ಅದರ ಮುಂಭಾಗದ ಒಂದೇ ಪದರದ ಕೋಶಗಳು ಅಂಚಿನ ಬಳಿ ವಿಭಜಿಸಿ, ಕ್ರಮೇಣ ತಮ್ಮ ಕೋಶಕೇಂದ್ರವನ್ನೇ ಕಳೆದುಕೊಂಡು, ಗಾಜಿನಂತೆ ಪಾರದರ್ಶಕವಾದ ಎಳೆಗಳಾಗುತ್ತವೆ. ವಿಕಿರಣದ ಪೆಟ್ಟು ತಿಂದ ಕೋಶ ಹೀಗೆ ಪಕ್ವವಾಗಲಾರದು. ಅದು ಮಸೂರದ ಹಿಂಬದಿಗೆ ಸರಿದು, ಅಲ್ಲಿಯೇ ಉಳಿದು, ಮಬ್ಬಾಗುತ್ತದೆ. ಅಜ್ಜ ಅಜ್ಜಿಯರಿಗೆ ಮುಪ್ಪಿನಲ್ಲಿ ಬರುವ ಪೊರೆ ಗಗನಯಾತ್ರಿಗೆ ಬೇಗನೆ ಬರುವುದು ಹೀಗೆ. ಮಸೂರಕ್ಕೆ 8 ಮಿಲಿಸೀವರ್ಟಿಗಿಂತ ಹೆಚ್ಚು ವಿಕಿರಣ ತಗುಲಿದ ಯಾತ್ರಿಗಳಲ್ಲಿ ಪೊರೆಯ ಸಂಭವ ಹೆಚ್ಚೆಂದು 2001ರಲ್ಲಿ ಅಮೆರಿಕದ ನಾಸಾ ವಿಜ್ಞಾನಿಗಳು ಪ್ರಕಟಿಸಿದರು.

ಎರಡೆಳೆಯ ಹಗ್ಗ

ಪೆಟ್ಟು ಬೀಳುವುದು ಕೋಶದೊಳಗಿನ ಡಿ.ಎನ್.ಎ. ಎಂಬ ಎರಡೆಳೆಯ ಹಗ್ಗಕ್ಕೆ. ಕ್ಷ-ಕಿರಣದ ಗಾಯಗಳು ಅಲ್ಲೊಂದು ಇಲ್ಲೊಂದು ಚದರಿರುತ್ತವೆ. ಒಂದೆಳೆ ಕಡಿದರೆ ಇನ್ನೊಂದನ್ನು ನೋಡಿ ಕೋಶವು ಸರಿಪಡಿಸಿಕೊಳ್ಳುತ್ತದೆ. ಭಾರ ಅಯಾನು ಹಾಯ್ದಲ್ಲಿಯೋ, ಎರಡೂ ಎಳೆಗಳು ಒಂದೇ ಕಡೆ ಹಲವು ತುಂಡಾಗುತ್ತವೆ. ನೋಡಿ ನಕಲು ಮಾಡಲು ಮಾದರಿಯೇ ಇಲ್ಲದಾಗ ಕೋಶವು ತುದಿಗಳನ್ನು ಹೇಗೋ ಗಂಟುಹಾಕುತ್ತದೆ. ಗಂಟು ತಪ್ಪಿದರೆ ಬರಹವೇ ತಪ್ಪುತ್ತದೆ.

ಹಾಗಾದರೆ ಹಾನಿಯೆಲ್ಲ ಕಿರಣದ್ದೆ? ಅಲ್ಲವೆನ್ನುತ್ತವೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಬೇಸಿಲ್ ವರ್ಗಲ್ ಮತ್ತು ಸಂಗಡಿಗರು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು. ಡಿ.ಎನ್.ಎ. ತುಂಡಾದಾಗ ದುರಸ್ತಿಗೆ ಕೂಗು ಹಾಕುವ ವಂಶವಾಹಿಯೊಂದಕ್ಕೆ ಎ.ಟಿ.ಎಂ. ಎಂದು ಹೆಸರು. ತಂದೆಯಿಂದೊಂದು, ತಾಯಿಯಿಂದೊಂದು, ಹೀಗೆ ಅದರ ಎರಡು ಪ್ರತಿಗಳಿರುತ್ತವೆ. ಒಂದು ಪ್ರತಿ ಮಾತ್ರ ಸರಿಯಿದ್ದ ಇಲಿಗಳು ನೋಡಲು ಆರೋಗ್ಯವಾಗಿಯೇ ಇದ್ದವು. ಆದರೆ ಕಬ್ಬಿಣದ ಅಯಾನುಗಳಿಗೆ ಒಡ್ಡಿದಾಗ ಅವುಗಳಿಗೆ ಪೊರೆ ಬೇಗನೆ ಬಂದಿತು. ಮನುಷ್ಯರಲ್ಲಿಯೂ ಇಂಥವರಿದ್ದಾರೆ, ಅದು ಅವರಿಗೇ ತಿಳಿದಿರುವುದಿಲ್ಲ. ಕಿರಣ ಒಂದೇ ಆದರೂ, ಅದರ ಫಲ ದುರಸ್ತಿಯ ಶಕ್ತಿಯನ್ನು ಅವಲಂಬಿಸಿದೆ.

ಈ ತಿಳಿವಿಗೆ ಈಗ ಅವಸರವಿದೆ. ಭಾರತದ ‘ಗಗನಯಾನ’ದ ಯಾತ್ರಿಗಳಿಗೆ ಶಿಕ್ಷಣ ನಡೆದಿರುವುದು ಬೆಂಗಳೂರಿನಲ್ಲಿ. ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ 2025ರಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದರು. ಅದು ಭೂಮಿಯ ಕಾಂತಕ್ಷೇತ್ರದ ಆಸರೆಯಲ್ಲಿಯೇ ಇದೆ. ಚಂದ್ರನ ದಾರಿಯಲ್ಲಿ ಆ ಆಸರೆಯಿರದು. ಲೋಹದ ಗೋಡೆಗೆ ತಾಗಿದ ಅಯಾನು ಒಡೆದು ಹೊಸ ಕಣಗಳನ್ನು ಚೆಲ್ಲುವುದುಂಟು. ಆದ್ದರಿಂದಲೇ ನೀರು, ಪಾಲಿಥೀನಿನಂಥ ಜಲಜನಕಭರಿತ ವಸ್ತುಗಳು ಲೇಸೆಂದು ಕಂಡುಬಂದಿದೆ.

ನೆಲದ ಮೇಲಿನವರಿಗೂ ಇದರಲ್ಲಿ ಪಾಠವುಂಟು. ಮಂಗಳೂರಿನಂಥ ಆಸ್ಪತ್ರೆಗಳ ಊರಿನಲ್ಲಿ ಹೃದಯನಾಳಗಳನ್ನು ಪರೀಕ್ಷಿಸುವ ವೈದ್ಯರೂ ದಾದಿಯರೂ ದಿನವೂ ಕ್ಷ-ಕಿರಣದ ಬಳಿ ನಿಲ್ಲುತ್ತಾರೆ. ಮಸೂರವು ಹಿಂದೆ ಎಣಿಸಿದ್ದಕ್ಕಿಂತ ಕೋಮಲವೆಂದು ಅರಿತು, ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು 2011ರಲ್ಲಿ ಇಂಥ ಕೆಲಸಗಾರರ ಕಣ್ಣಿಗೆ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟಿನ ಮಿತಿಯನ್ನು ಸೂಚಿಸಿತು. ಹಳೆಯ ಮಿತಿ 150. ಸೀಸದ ಕನ್ನಡಕವನ್ನು ಭಾರವೆಂದು ಬದಿಗಿಡುವವರು ಈ ಎರಡು ಅಂಕಿಗಳನ್ನು ನೆನೆಯುವುದೊಳಿತು. ಪೊರೆಯನ್ನು ಶಸ್ತ್ರಕ್ರಿಯೆಯಿಂದ ತೆಗೆಯಬಹುದು, ನಿಜ. ಆದರೆ ಬಾರದಂತೆ ಕಾಯಬಹುದಾದ ಪೊರೆಯನ್ನು ಬರಗೊಡುವುದೇಕೆ?