ಜೈಲಿನ ಗೋಡೆ ಕೆಮ್ಮನ್ನು ತಡೆಯದು

ಇಂಡಿ, ಸಿಂದಗಿ, ಮುದ್ದೇಬಿಹಾಳ ಅಥವಾ ಬಸವನ ಬಾಗೇವಾಡಿ ತಾಲೂಕಿನ ಒಬ್ಬನಿಗೆ ಜಾಮೀನು ಸಿಗಲಿಲ್ಲವೆಂದರೆ ಆತ ಬಹುಮಟ್ಟಿಗೆ ಹೋಗಿ ಸೇರುವುದು ವಿಜಯಪುರದ ಕೇಂದ್ರ ಕಾರಾಗೃಹಕ್ಕೆ. ಜನರ ಬಾಯಲ್ಲಿ ಅದು ದರ್ಗಾ ಜೈಲು. ಯಾವ ಜೈಲೇ ಆಗಲಿ, ಒಳಹೋಗುವವನ ಹೆಸರು, ಊರು, ಮೈಮೇಲಿನ ಮಚ್ಚೆ ಎಲ್ಲವೂ ದಫ್ತರಕ್ಕೆ ಏರುತ್ತವೆ. ಎರಡು ವಾರದಿಂದ ಬಿಡದ ಅವನ ಕೆಮ್ಮೂ ದಫ್ತರಕ್ಕೆ ಏರಿತೇ? ಅವನ ಪಕ್ಕದಲ್ಲಿ ಮಲಗುವ ಹತ್ತಾರು ಮಂದಿಯ ಆರೋಗ್ಯ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಕ್ಷಯ ಗಾಳಿಯಲ್ಲಿ ಹರಡುವ ರೋಗ. 1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಕ್ ಅದರ ರೋಗಾಣುವನ್ನು ಜಗತ್ತಿಗೆ ತೋರಿಸಿಕೊಟ್ಟ. ರೋಗಿ ಕೆಮ್ಮಿದಾಗ ಹೊರಬೀಳುವ ಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತವೆ. ಬಿಸಿಲು ಗಾಳಿ ಆಡುವ ಹೊಲದಲ್ಲಿ ಅವುಗಳ ಆಟ ಹೆಚ್ಚು ನಡೆಯದು. ಕಿಕ್ಕಿರಿದ ಬ್ಯಾರಕ್ಕಿನಲ್ಲಿ ನಡೆಯುತ್ತದೆ. ರೋಗಾಣು ಹೊಕ್ಕವರೆಲ್ಲ ರೋಗಿಗಳಾಗುವುದಿಲ್ಲ, ನೂರರಲ್ಲಿ ಐದರಿಂದ ಹತ್ತು ಮಂದಿಗೆ ಜೀವಮಾನದಲ್ಲಿ ಎಂದಾದರೂ ರೋಗ ತಲೆಯೆತ್ತಬಹುದು. ಆದರೆ ಹೊಟ್ಟೆಗೆ ಸಾಲದ ಊಟ, ಬೀಡಿ, ಎಚ್‌ಐವಿ, ಸಕ್ಕರೆ ಕಾಯಿಲೆ ಜೊತೆಗೂಡಿದರೆ ಈ ಲೆಕ್ಕ ಮೇಲೇರುತ್ತದೆ. ಜೈಲಿಗೆ ಬರುವವರಲ್ಲಿ ಬಡವರೇ ಹೆಚ್ಚು ಎಂಬುದನ್ನು ಇಲ್ಲಿ ನೆನೆಯಬೇಕು.

2022ರ ಕೊನೆಗೆ ದೇಶದ ಜೈಲುಗಳಲ್ಲಿ 4,36,266 ಮಂದಿಗೆ ಜಾಗವಿತ್ತು, ಇದ್ದವರು 5,73,220. ನೂರು ಜನರ ಜಾಗದಲ್ಲಿ ನೂರ ಮೂವತ್ತೊಂದು ಜನ. ಇವರಲ್ಲಿ ನಾಲ್ಕನೇ ಮೂರು ಪಾಲು ವಿಚಾರಣಾಧೀನರು, ಅಂದರೆ ಅಪರಾಧ ಇನ್ನೂ ಸಾಬೀತಾಗದವರು. ನ್ಯಾಯಾಲಯ ವಿಧಿಸದ ಶಿಕ್ಷೆಯೊಂದು ಇವರ ಶ್ವಾಸಕೋಶಕ್ಕೆ ಅಂಟಬಹುದು. 2019ರಲ್ಲಿ ಜಗತ್ತಿನ ಸೆರೆಮನೆಗಳಲ್ಲಿ ಸುಮಾರು 1.25 ಲಕ್ಷ ಮಂದಿಗೆ ಕ್ಷಯ ಬಂದಿತೆಂದೂ, ಅವರಲ್ಲಿ ಪತ್ತೆಯಾದವರು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರವೆಂದೂ ಸಂಶೋಧಕರು ಅಂದಾಜು ಮಾಡಿದ್ದಾರೆ. ಉಳಿದವರು ಯಾವ ಪಟ್ಟಿಯಲ್ಲೂ ಇಲ್ಲದೆ ಕೆಮ್ಮುತ್ತಿದ್ದರು.

ನೆಲ್ಸನ್ ಮಂಡೇಲಾ ಅವರಿಗೂ ಈ ರೋಗ ಅಂಟಿದ್ದು ಸೆರೆಯಲ್ಲೇ. 1988ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಪೋಲ್ಸ್‌ಮೂರ್ ಜೈಲಿನಲ್ಲಿದ್ದಾಗ ಕೆಮ್ಮು ಬಿಡದೆ ಅವರನ್ನು ಆಸ್ಪತ್ರೆಗೆ ಒಯ್ದರು. ಬೇಗ ಪತ್ತೆಯಾಯಿತು, ಔಷಧಿ ಸಿಕ್ಕಿತು, ಗುಣವಾಯಿತು. ಲೋಕವೇ ಕಣ್ಣಿಟ್ಟಿದ್ದ ಕೈದಿ ಅವರು. ಹೆಸರಿಲ್ಲದ ಕೈದಿಯ ಕೆಮ್ಮನ್ನು ಕೇಳಿಸಿಕೊಳ್ಳುವುದಕ್ಕೆ ಒಂದು ವ್ಯವಸ್ಥೆ ಬೇಕಾಗುತ್ತದೆ. ಅದೇ ರೋಗ ಕಣ್ಗಾವಲು. ಅಂಕಿ ಅಂಶಗಳ ಕೆಲಸ.

ಈ ಕೆಲಸದಲ್ಲಿ ಕರ್ನಾಟಕಕ್ಕೆ ದೊಡ್ಡ ಹೆಸರಿದೆ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಸಮೀಕ್ಷೆ ನಡೆಸಿದರು. ಹಳ್ಳಿಗರಿಗೆ ತಿಳಿವಳಿಕೆ ಸಾಲದು, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬ ಮಾತು ಆಗ ಬಲವಾಗಿತ್ತು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ದವಾಖಾನೆಯ ಬಾಗಿಲು ತಟ್ಟಿದ್ದರು, ಕೆಮ್ಮಿನ ಔಷಧಿ ಹಿಡಿದು ಮರಳಿದ್ದರು! ಕೊರತೆ ಇದ್ದದ್ದು ಹಳ್ಳಿಗರಲ್ಲಿ ಅಲ್ಲ, ಕಫ ಪರೀಕ್ಷಿಸದ ದವಾಖಾನೆಯಲ್ಲಿ.

ಜೈಲಿನ ಅಂಕಿಗಳನ್ನೂ ಹೀಗೆಯೇ ತಿರುವಿ ನೋಡಬೇಕು. ಗಣಿತದ ವಿದ್ಯಾರ್ಥಿಗಳಿಗೆ ಇಲ್ಲಿ ಒಳ್ಳೆಯ ಲೆಕ್ಕವಿದೆ. ಒಂದು ಜೈಲಿನಲ್ಲಿ ಯಾವ ದಿನ ಎಣಿಸಿದರೂ 500 ಮಂದಿ ಇರುತ್ತಾರೆನ್ನಿ. ಆದರೆ ಬರುವವರು ಹೋಗುವವರು ಸೇರಿ ವರ್ಷದಲ್ಲಿ 2,000 ಮಂದಿ ಅಲ್ಲಿ ಇದ್ದು ಹೋಗುತ್ತಾರೆ. ಆ ವರ್ಷ ಹತ್ತು ರೋಗಿಗಳು ಪತ್ತೆಯಾದರೆ ಪ್ರಮಾಣ ನೂರಕ್ಕೆ ಎರಡೋ, ಅರ್ಧವೋ? ಮೊದಲನೆಯದು ಆ ಗೋಡೆಗಳೊಳಗೆ ಕಳೆದ ಒಟ್ಟು ಕಾಲಕ್ಕೆ ರೋಗ ಎಷ್ಟೆಂದು ಹೇಳುತ್ತದೆ. ಎರಡನೆಯದು ಒಳಹೊಕ್ಕ ತಲೆಗಳಲ್ಲಿ ಎಷ್ಟು ಮಂದಿಯಲ್ಲಿ ಸಿಕ್ಕಿತೆಂದು. ಯಾವುದರಿಂದ ಭಾಗಿಸಿದೆವೆಂದು ಹೇಳದ ಪ್ರಮಾಣವನ್ನು ನಂಬುವಂತಿಲ್ಲ. ಇನ್ನೂ ಒಂದು ತೊಡಕುಂಟು. ವರದಿಯಲ್ಲಿ ಸೊನ್ನೆ ಕಂಡರೆ ಅಧಿಕಾರಿಗೆ ಸಂತೋಷ. ಆದರೆ ಎಷ್ಟು ಮಂದಿಯ ಕಫ ಪರೀಕ್ಷೆ ಆಯಿತೆಂಬ ಪಕ್ಕದ ಕಾಲಮ್ಮಿನಲ್ಲೂ ಸೊನ್ನೆಯೇ ಇದ್ದರೆ? ಎಕ್ಸ್‌ರೇ ಯಂತ್ರ ಬಂದ ವರ್ಷ ರೋಗಿಗಳ ಸಂಖ್ಯೆ ಏರಿದರೆ ಅದು ರೋಗ ಹೆಚ್ಚಿದ್ದರ ಗುರುತಾಗಿರಬೇಕಿಲ್ಲ, ಕಣ್ಣು ತೆರೆದದ್ದರ ಗುರುತಾಗಿರಬಹುದು.

ಭಾರತದಲ್ಲಿ 2012ರಿಂದ ಪ್ರತಿ ಕ್ಷಯ ರೋಗಿಯ ವಿವರವನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಅದೇ ವರ್ಷ ಬಂದ ‘ನಿಕ್ಷಯ್’ ಗಣಕ ವ್ಯವಸ್ಥೆಯಲ್ಲಿ ರೋಗಿಗೊಂದು ಸಂಖ್ಯೆ ಸಿಗುತ್ತದೆ. ಆತ ಊರು ಬದಲಿಸಿದರೆ ದಾಖಲೆಯನ್ನು ಅಲ್ಲಿನ ಆರೋಗ್ಯ ಕೇಂದ್ರಕ್ಕೆ ವರ್ಗಾಯಿಸಬಹುದು. ಕೈದಿಗೆ ಇದು ಎಷ್ಟು ಮುಖ್ಯವೆಂಬುದು ತಿಳಿಯುವುದು ಬಿಡುಗಡೆಯ ದಿನ.

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ. ಇಂಡಿ ಕಡೆಯ ಯುವಕನೊಬ್ಬನಿಗೆ ಜೈಲಿನಲ್ಲಿ ರೋಗ ಪತ್ತೆಯಾಗಿ ಎರಡು ತಿಂಗಳು ಗುಳಿಗೆ ನುಂಗಿದನೆನ್ನಿ. ಕೆಮ್ಮು ನಿಂತಿದೆ, ಮೈ ತುಂಬಿಕೊಂಡಿದೆ. ಒಂದು ಸಂಜೆ ಜಾಮೀನಿನ ಆದೇಶ ಬರುತ್ತದೆ. ಮನೆಯವರು ಬಂದು ಕರೆದೊಯ್ಯುತ್ತಾರೆ. ಗುಳಿಗೆಯ ಚೀಟಿ ಜೈಲಿನ ದವಾಖಾನೆಯಲ್ಲೇ ಉಳಿಯುತ್ತದೆ. ಊರಲ್ಲಿ ಕೆಲಸವಿಲ್ಲ, ವಾರ ಕಳೆಯುವಷ್ಟರಲ್ಲಿ ಆತ ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೊರಡುತ್ತಾನೆ. ನಡುವೆ ನಿಂತ ಔಷಧಿ ರೋಗವನ್ನು ಮರಳಿ ತರಬಹುದು. ಈ ಸಲ ಅದೇ ಗುಳಿಗೆಗೆ ಬಗ್ಗದೆಯೂ ಇರಬಹುದು. ಮನೆಮಂದಿಗೆ ಅತಿ ಸಂತೋಷದ ದಿನ ಚಿಕಿತ್ಸೆಗೆ ಅತಿ ಅಪಾಯದ ದಿನವಾಗುವುದು ಹೀಗೆ.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ, ಮಂಡೇಲಾ ಹೆಸರನ್ನೇ ಹೊತ್ತ ಸೆರೆಮನೆ ನಿಯಮಗಳ 24ನೇ ನಿಯಮ ಕ್ಷಯದ ಹೆಸರೆತ್ತಿಯೇ ಚಿಕಿತ್ಸೆ ಕಡಿಯಬಾರದೆನ್ನುತ್ತದೆ. ಜೈಲಿನ ಆರೋಗ್ಯ ಸಿಬ್ಬಂದಿ ಬಿಡುಗಡೆಯ ದಿನವೇ ಆ ಸಂಖ್ಯೆಯನ್ನು ತಾಲೂಕಿಗೆ ವರ್ಗಾಯಿಸಿ ಕೆಲವು ದಿನಗಳ ಗುಳಿಗೆ ಕೈಗಿತ್ತರೆ ಅರ್ಧ ಕೆಲಸ ಆದಂತೆ. ಆದರೆ ಆ ವಿವರ ದವಾಖಾನೆಯ ಆಚೆ ಹೋಗಕೂಡದು. ಊರಲ್ಲಿ ‘ಜೈಲಿಗೆ ಹೋಗಿದ್ದ, ಟಿ.ಬಿ. ಹಚ್ಚಿಕೊಂಡು ಬಂದ’ ಎಂಬ ಜೋಡಿ ಕಳಂಕ ಹೊತ್ತವನು ದವಾಖಾನೆಯ ದಾರಿಯನ್ನೇ ಬಿಡುತ್ತಾನೆ.

ಇಂಥವರು ಮರಳಿ ಬಂದ ಮನೆಯ ಮಕ್ಕಳನ್ನೂ ಹಿರಿಯರನ್ನೂ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು. ರೋಗ ಬರದಂತೆ ತಡೆಯುವ ಗುಳಿಗೆಯೂ ಇದೆ. ಪರೀಕ್ಷೆ, ಔಷಧಿ ಉಚಿತ. ರೋಗಿಯ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿ 2024ರ ನವೆಂಬರ್‌ನಿಂದ 1,000 ಆಗಿದೆ. ಔಷಧಿ ನಡುವೆ ನಿಂತವರು ಎಲ್ಲಿಗೆ ಹೋಗಬೇಕೆಂದು ಕೇಳಲು 1800 11 6666ಕ್ಕೆ ಉಚಿತವಾಗಿ ಫೋನ್ ಮಾಡಬಹುದು.